ರಾಜಿ ಮಾಡಿಕೊಳ್ಳಿ, ಆದರೆ ಕಾಗದದ ಮೇಲೆ: ನಮ್ಮ 17 ಶಾಸಕರಿಗೆ ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಲ್ಲ ಪಕ್ಷಗಳ ಮಾನ್ಯ ಶಾಸಕರಿಗೆ,
ಹಾಗೂ ಅವರವರ ಪಕ್ಷಗಳ ರಾಜ್ಯಾಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ಪಕ್ಷಗಳು ಶಾಸಕಾಂಗ ನಾಯಕನನ್ನು ಆರಿಸುವ ರೀತಿ ಬದಲಾಗಬೇಕು. ಅದನ್ನು ಕೇಳಲಿಕ್ಕೇ ಈ ಪತ್ರ. ಯಾರು ನಾಯಕರಾಗಬೇಕು ಎಂಬುದರ ಬಗ್ಗೆ ನಾವು ಒಂದು ಮಾತೂ ಹೇಳುವುದಿಲ್ಲ, ಅದು ನಿಮ್ಮ ಹಕ್ಕು. ಧಾರವಾಡ ಜಿಲ್ಲೆಯ 7, ಗದಗಿನ 4, ಹಾವೇರಿಯ 6 ಕ್ಷೇತ್ರಗಳಿಂದ ನೀವು 17 ಮಂದಿ ವಿಧಾನಸಭೆಗೆ ಹೋಗುತ್ತೀರಿ. ನಮ್ಮ ತಕರಾರು ಇಷ್ಟೇ: ಆ ಹಕ್ಕನ್ನು ನೀವು ಚಲಾಯಿಸುತ್ತಿಲ್ಲ. ಸಭೆಯಲ್ಲಿ ಕೈ ಎತ್ತಿ ಬೇರೆಯವರಿಗೆ ಒಪ್ಪಿಸಿ ಬರುತ್ತೀರಿ. ಆಮೇಲೆ ವರ್ಷಗಟ್ಟಲೆ ಬಣಗಳ ಲೆಕ್ಕ, ಡಿನ್ನರ್ ಸಭೆ, ದಿಲ್ಲಿ ಯಾತ್ರೆ ನಡೆಯುತ್ತವೆ.

ರಾಜಿ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ನಾಲ್ಕಾರು ಹಿರಿಯರಿರುವ ಯಾವ ಪಕ್ಷವೂ ರಾಜಿಯಿಲ್ಲದೆ ನಾಯಕನನ್ನು ಕಂಡುಕೊಳ್ಳಲಾರದು. ಆದರೆ ಯಾರ ಮುಂದೆ ಆಯಿತು, ಯಾವ ಷರತ್ತಿನ ಮೇಲೆ ಆಯಿತು, ಎಷ್ಟು ದಿನಕ್ಕೆ ಆಯಿತು ಎಂದು ಮತ ಹಾಕುವ ಶಾಸಕರಿಗೇ ಗೊತ್ತಿರದ ರಾಜಿ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ನಿಂತ ರಾಜಿಗಳನ್ನೂ ಮುರಿದ ರಾಜಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಸಂವಿಧಾನದ 164(1)ನೇ ವಿಧಿ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಎನ್ನುತ್ತದೆ, ಅಷ್ಟೇ. ಶಾಸಕಾಂಗ ಪಕ್ಷ, ಅಂದರೆ ಒಂದು ಪಕ್ಷದ ಶಾಸಕರ ಗುಂಪು, ತನ್ನ ನಾಯಕನನ್ನು ಹೇಗೆ ಆರಿಸಬೇಕು ಎಂದು ಅಲ್ಲಿ ಬರೆದಿಲ್ಲ. ಪಕ್ಷಗಳ ನೋಂದಣಿಯ ಬಗ್ಗೆ ಇರುವ ಜನಪ್ರತಿನಿಧಿ ಕಾಯ್ದೆಯ 29ಎ ಕಲಮಿನಲ್ಲೂ ಇಲ್ಲ. ಈ ಜಾಗ ಖಾಲಿ ಬಿದ್ದಿದೆ, ಆ ಖಾಲಿ ಜಾಗದಲ್ಲಿ ರೂಢಿ ಬಂದು ಕುಳಿತಿದೆ. ದಿಲ್ಲಿಯಿಂದ ಇಬ್ಬರು ಮೂವರು ವೀಕ್ಷಕರು ಬರುತ್ತಾರೆ, ಒಬ್ಬೊಬ್ಬರೇ ಶಾಸಕರನ್ನು ಕರೆದು ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಎಲ್ಲರೂ ಸೇರಿ ಒಂದು ಸಾಲಿನ ನಿರ್ಣಯ ಮಾಡುತ್ತಾರೆ: ನಾಯಕನ ಆಯ್ಕೆಯನ್ನು ವರಿಷ್ಠರಿಗೆ ಬಿಟ್ಟಿದ್ದೇವೆ.

2023ರಲ್ಲಿ ಆದದ್ದು ಇದೇ. ಮೇ 13ಕ್ಕೆ ಫಲಿತಾಂಶ ಬಂತು, ಕಾಂಗ್ರೆಸ್ಸಿಗೆ 135 ಸ್ಥಾನ. ಮರುದಿನ ಸಂಜೆ ಬೆಂಗಳೂರಿನಲ್ಲಿ ಶಾಸಕಾಂಗ ಪಕ್ಷದ ಸಭೆ ಸೇರಿ, ಆಯ್ಕೆಯ ಅಧಿಕಾರವನ್ನು ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧ್ಯಕ್ಷರಿಗೆ ಕೊಡುವ ಒಂದು ಸಾಲಿನ ನಿರ್ಣಯ ಮಾಡಿತು. ಸುಶೀಲ್‌ಕುಮಾರ್ ಶಿಂದೆ, ಜಿತೇಂದ್ರ ಸಿಂಗ್, ದೀಪಕ್ ಬಾಬರಿಯಾ ವೀಕ್ಷಕರಾಗಿದ್ದರು. ಶಾಸಕರ ಅಭಿಪ್ರಾಯ ಪಡೆದರು, ಆದರೆ ಆ ಲೆಕ್ಕವನ್ನು ಪಕ್ಷ ಅಧಿಕೃತವಾಗಿ ಹೇಳಲಿಲ್ಲ. ಮೇ 18ಕ್ಕೆ ದಿಲ್ಲಿಯಲ್ಲಿ ಹೆಸರು ಪ್ರಕಟವಾಗಿ, 20ಕ್ಕೆ ಪ್ರಮಾಣವಚನ ಆಯಿತು. ಐದು ದಿನ ದೊಡ್ಡ ತಡವೇನಲ್ಲ. ತೊಂದರೆ ಎಲ್ಲಿ ಬಂತೆಂದರೆ, ಆ ಐದು ದಿನಗಳಲ್ಲಿ ಯಾರಿಗೆ ಏನು ಮಾತು ಕೊಡಲಾಯಿತು ಎಂಬುದರ ಬಗ್ಗೆ ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಬರವಣಿಗೆಯಲ್ಲಿ ಇದ್ದದ್ದು ಯಾರಿಗೂ ಕಾಣಿಸಲಿಲ್ಲ.

ಬಿಜೆಪಿಯ ರೂಢಿಯೂ ಇದಕ್ಕಿಂತ ಬೇರೆಯಲ್ಲ. ಬಿ.ಎಸ್. ಯಡಿಯೂರಪ್ಪನವರು 2021ರ ಜುಲೈ 26ರಂದು ರಾಜೀನಾಮೆ ಕೊಟ್ಟರು. 27ರ ಸಂಜೆ ಧರ್ಮೇಂದ್ರ ಪ್ರಧಾನ್ ಮತ್ತು ಜಿ. ಕಿಶನ್ ರೆಡ್ಡಿಯವರ ಸಮ್ಮುಖದಲ್ಲಿ ಶಿಗ್ಗಾಂವಿ ಶಾಸಕ ಬಸವರಾಜ ಬೊಮ್ಮಾಯಿಯವರ ಹೆಸರನ್ನು ಯಡಿಯೂರಪ್ಪನವರೇ ಸೂಚಿಸಿದರು. 28ಕ್ಕೆ ಪ್ರಮಾಣವಚನ. ಹೊರಡುವ ನಾಯಕರೇ ಹೊಸಬರ ಹೆಸರು ಹೇಳಿದ್ದರಿಂದ ಅಂದಿನ ಸಭೆ ಶಾಂತವಾಗಿ ಮುಗಿಯಿತು, ಅದು ಒಳ್ಳೆಯ ಕ್ರಮವೇ. ಆದರೆ ಅಲ್ಲಿಯೂ ಶಾಸಕರು ಮತ ಹಾಕಲಿಲ್ಲ.

ಒಂದು ಸಾಲಿನ ನಿರ್ಣಯದಿಂದ ಏನು ಕೆಡುತ್ತದೆ? ಎಣಿಕೆ ಆಗದಿದ್ದಾಗ ಸೋತವರು ಯಾರೂ ಇರುವುದಿಲ್ಲ. ಸೋಲದವನು ಒಪ್ಪಿಕೊಳ್ಳಬೇಕಾದ್ದೂ ಏನಿಲ್ಲ. ಪ್ರತಿಯೊಂದು ಬಣವೂ ನನ್ನ ಹಿಂದೆ ಇಷ್ಟು ಮಂದಿ ಇದ್ದಾರೆ ಎಂದು ಹೇಳುತ್ತಲೇ ಹೋಗಬಹುದು, ಸುಳ್ಳೆಂದು ತೋರಿಸುವ ದಾಖಲೆಯೇ ಇರುವುದಿಲ್ಲ. ಹಾಗಾಗಿ ಬಲಪ್ರದರ್ಶನ ಸಭೆಯ ಒಳಗೆ ಒಂದು ದಿನದಲ್ಲಿ ಮುಗಿಯುವ ಬದಲು ಹೊರಗೆ ಹೋಟೆಲ್ಲು, ರೆಸಾರ್ಟುಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. 2022ರ ಸೆಪ್ಟೆಂಬರ್ 25ರಂದು ಜೈಪುರದಲ್ಲಿ ಇದು ವಿಪರೀತಕ್ಕೆ ಹೋಯಿತು. ವೀಕ್ಷಕರು ಕಾಯುತ್ತಿದ್ದಾಗ ರಾಜಸ್ಥಾನದ ಬಹಳಷ್ಟು ಕಾಂಗ್ರೆಸ್ ಶಾಸಕರು ಸಭೆಗೇ ಬರಲಿಲ್ಲ. ಬೇರೆ ಕಡೆ ಸೇರಿ ಸಭಾಧ್ಯಕ್ಷರಿಗೆ ರಾಜೀನಾಮೆ ಪತ್ರ ಕೊಟ್ಟರು. ತಮ್ಮ ಅಭಿಪ್ರಾಯವನ್ನು ಎಣಿಸುವವರಿಲ್ಲ ಎಂದು ಶಾಸಕರಿಗೆ ಅನ್ನಿಸಿದರೆ ಕೊನೆಗೆ ಹೀಗೇ ಆಗುವುದು.

ಎಣಿಕೆ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ, ಅದರಲ್ಲೂ ಹುಬ್ಬಳ್ಳಿಗೆ ಸಂಬಂಧಿಸಿದ್ದು. 2011ರ ಆಗಸ್ಟ್ 3ರಂದು ಬಿಜೆಪಿ ಶಾಸಕಾಂಗ ಪಕ್ಷದಲ್ಲಿ ಡಿ.ವಿ. ಸದಾನಂದಗೌಡ ಮತ್ತು ಹುಬ್ಬಳ್ಳಿಯ ಜಗದೀಶ ಶೆಟ್ಟರ್ ನಡುವೆ ಗುಪ್ತ ಮತದಾನ ನಡೆಯಿತು. ಗೌಡರು ಗೆದ್ದು ಮರುದಿನ ಪ್ರಮಾಣ ಸ್ವೀಕರಿಸಿದರು. ಆದರೂ ವರ್ಷ ತುಂಬುವ ಮೊದಲೇ, 2012ರ ಜುಲೈ 12ರಂದು, ಶೆಟ್ಟರ್ ಮುಖ್ಯಮಂತ್ರಿಯಾದರು. ಮತದಾನದಿಂದ ಏನು ಸಿಕ್ಕಿತು ಹಾಗಾದರೆ ಎಂದು ನೀವು ಕೇಳಬಹುದು. ನಮ್ಮ ಅಭಿಪ್ರಾಯ ಹೀಗಿದೆ. ಅಂದು ಮತ ಬಿದ್ದದ್ದು ಇಬ್ಬರು ಅಭ್ಯರ್ಥಿಗಳಿಗಿಂತ ಹೆಚ್ಚಾಗಿ ಅವರ ಹಿಂದೆ ನಿಂತ ಹಿರಿಯರಿಗೆ. 2011ರಲ್ಲಿ ಗೌಡರನ್ನು ನಿಲ್ಲಿಸಿದ ಯಡಿಯೂರಪ್ಪನವರೇ 2012ರಲ್ಲಿ ಶೆಟ್ಟರ್ ಕಡೆ ವಾಲಿದಾಗ ಲೆಕ್ಕ ತಲೆಕೆಳಗಾಯಿತು. ಗೆದ್ದ ನಾಯಕನನ್ನು ಇಂತಿಷ್ಟು ಕಾಲ ಪ್ರಶ್ನಿಸುವಂತಿಲ್ಲ ಎಂಬ ನಿಯಮ ಇರಲಿಲ್ಲ. ಸೋತವರಿಗೆ ಯಾವ ಹೊಣೆ ಎಂದು ಮೊದಲೇ ತೀರ್ಮಾನವಾಗಿರಲಿಲ್ಲ. ಮತದಾನವೇನೋ ಆಯಿತು, ಅದರ ಮುಂದಿನ ಕೆಲಸ ಆಗಲಿಲ್ಲ. 2012ರಲ್ಲಿ ಕೆ.ಎಸ್. ಈಶ್ವರಪ್ಪ ಮತ್ತು ಆರ್. ಅಶೋಕ ಇಬ್ಬರನ್ನೂ ಉಪಮುಖ್ಯಮಂತ್ರಿ ಮಾಡಿ ಸಮತೋಲನ ತಂದರು. ಅದೂ ಬಹಳ ದಿನ ನಿಲ್ಲಲಿಲ್ಲ. ಅದೇ ವರ್ಷ ಡಿಸೆಂಬರ್ 9ರಂದು ಹಾವೇರಿಯ ಸಮಾವೇಶದಲ್ಲಿ ಯಡಿಯೂರಪ್ಪನವರ ಹೊಸ ಪಕ್ಷ ಕೆಜೆಪಿ ವಿಧ್ಯುಕ್ತವಾಗಿ ಶುರುವಾಯಿತು. 2008ರಲ್ಲಿ 110 ಸ್ಥಾನ ಗೆದ್ದಿದ್ದ ಬಿಜೆಪಿ 2013ರಲ್ಲಿ 40ಕ್ಕೆ ಇಳಿಯಿತು, ಕೆಜೆಪಿಗೆ ಸಿಕ್ಕದ್ದು 6.

ಈಗ ನಿಂತ ರಾಜಿಯ ಕಥೆ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಮಾರ್ಚ್‌ನಲ್ಲಿ ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಜೂನ್‌ನಲ್ಲಿ ಕಂಠಿಯವರು ಅಧಿಕಾರ ಬಿಟ್ಟುಕೊಟ್ಟು, ಅವರದೇ ಸಂಪುಟದಲ್ಲಿ ಮಂತ್ರಿಯಾಗಿ ದುಡಿದರು. ಕಂಠಿಯವರ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕು. ಆದರೆ ಆ ರಾಜಿ ನಿಂತದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಧಿಕಾರ ಯಾವಾಗ ಕೈ ಬದಲಾಗಬೇಕು ಎಂಬುದು ಎಲ್ಲರ ಕಣ್ಣಿಗೆ ಕಾಣುವ ಒಂದು ಘಟನೆಗೆ ಕಟ್ಟಿತ್ತು. ಆ ಷರತ್ತು ಪಕ್ಷದಲ್ಲಿ ಪ್ರತಿಯೊಬ್ಬರಿಗೂ ಮೊದಲ ದಿನದಿಂದಲೇ ಗೊತ್ತಿತ್ತು. ಅರ್ಥ ಬೇರೆ ಮಾಡಲು ಅಲ್ಲಿ ಜಾಗ ಇರಲಿಲ್ಲ.

ಇದಕ್ಕೆ ಎದುರಾಗಿ 2006ರ ಒಪ್ಪಂದ ಇಡಿ. ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳು ಎಂದು ಹೇಳಿಕೊಂಡವು. 2006ರ ಫೆಬ್ರುವರಿ 3ಕ್ಕೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, 2007ರ ಅಕ್ಟೋಬರ್ ಮೊದಲ ವಾರ ಕೈ ಬದಲಾಗಬೇಕಿತ್ತು. ಆಗಲಿಲ್ಲ. ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ಕ್ಕೆ ಯಡಿಯೂರಪ್ಪನವರು ಪ್ರಮಾಣ ಸ್ವೀಕರಿಸಿದರು, ಬೆಂಬಲ ಸಿಗದೆ 19ಕ್ಕೆ ರಾಜೀನಾಮೆ ಕೊಟ್ಟರು. ತಿಂಗಳ ಲೆಕ್ಕ ಖಚಿತವಾಗಿತ್ತು, ಆದರೆ ಕೊಡದಿದ್ದರೆ ಏನು ಎಂಬುದಕ್ಕೆ ಉತ್ತರ ಇರಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ನಾಲ್ಕು ಎಕರೆ ಹೊಲ ಹಂಚಿಕೊಂಡರೂ ವಾಟ್ನಿ ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಪ್ರೀತಿ ಕಡಿಮೆ ಎಂದಲ್ಲ, ನಾಳೆ ಮಾತು ಬರಬಾರದು ಎಂದು.

ಆದರೆ ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ನಾವು ಹೇಳುವುದಿಲ್ಲ. 2018ರ ಕಾಂಗ್ರೆಸ್–ಜೆಡಿಎಸ್ ಹೊಂದಾಣಿಕೆಯಲ್ಲಿ ಬಹಳಷ್ಟನ್ನು ಮೊದಲೇ ಸ್ಪಷ್ಟ ಮಾಡಿಕೊಂಡಿದ್ದರು. ಮಂತ್ರಿಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12, ಯಾವ ಖಾತೆ ಯಾರಿಗೆ, ಸಮನ್ವಯ ಸಮಿತಿಗೆ ಯಾರು ಅಧ್ಯಕ್ಷರು ಎಲ್ಲವೂ ಬಹಿರಂಗವಾಗಿತ್ತು. ಆದರೂ 14 ತಿಂಗಳಿಗೆ, 2019ರ ಜುಲೈ 23ರಂದು, ವಿಶ್ವಾಸಮತದಲ್ಲಿ 99–105ರಿಂದ ಸರ್ಕಾರ ಬಿತ್ತು. 17 ಶಾಸಕರು ಅನರ್ಹರಾದರು. ಅದೇ ವರ್ಷ ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು, ಹಾವೇರಿ ಜಿಲ್ಲೆಯ ಹಿರೇಕೆರೂರು ಮತ್ತು ರಾಣೆಬೆನ್ನೂರು ಅವುಗಳಲ್ಲಿ ಸೇರಿದ್ದವು. ಒಂದೂವರೆ ವರ್ಷದಲ್ಲಿ ಎರಡನೇ ಸಲ ಅಲ್ಲಿನ ಮಂದಿ ವಿಧಾನಸಭೆಗೆ ಮತ ಹಾಕಬೇಕಾಯಿತು. ಆ ಒಪ್ಪಂದ ಮೇಲಿನ ಕೆಲವೇ ಮುಖಂಡರ ನಡುವೆ ಆದದ್ದು. ಅದನ್ನು ಹೊತ್ತು ನಡೆಯಬೇಕಾದ ಶಾಸಕರು ಅದಕ್ಕೆ ಸಹಿ ಹಾಕಿದವರಲ್ಲ. ಹಾಗಾಗಿ ಕಾಗದ ಎಷ್ಟು ಮುಖ್ಯವೋ, ಅದನ್ನು ಇಡೀ ಶಾಸಕಾಂಗ ಪಕ್ಷದ ಮುಂದೆ ಓದಿ ಮತಕ್ಕೆ ಹಾಕುವುದೂ ಅಷ್ಟೇ ಮುಖ್ಯ.

ಇಲ್ಲಿ ಪಕ್ಷಾಂತರ ನಿಷೇಧ ಕಾನೂನಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ, ವಿರುದ್ಧ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ ಎಂಬ ಭಯವನ್ನು ಶಾಸಕರ ತಲೆಯಲ್ಲಿ ತುಂಬಲಾಗಿದೆ. ಈ ಕಾನೂನು ಇರುವುದು ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ. ಅದರ 2(1)(ಬಿ) ಪ್ಯಾರಾ ಹೇಳುವುದು ಸದನದಲ್ಲಿ ಹಾಕುವ ಮತದ ಬಗ್ಗೆ. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಉಲ್ಲಂಘಿಸಿ ಸದನದಲ್ಲಿ ಮತ ಹಾಕಿದರೆ ಅಥವಾ ಗೈರಾದರೆ, ಪಕ್ಷ ಅದನ್ನು 15 ದಿನದೊಳಗೆ ಮನ್ನಿಸದಿದ್ದರೆ, ಅನರ್ಹತೆ ಬರಬಹುದು. ಶಾಸಕಾಂಗ ಪಕ್ಷದ ಸಭೆಯಲ್ಲಿ ನೀವು ಹಾಕುವ ಮತಕ್ಕೆ ಈ ಪ್ಯಾರಾ ತಾಗುವುದೇ ಇಲ್ಲ. ನಾಯಕನಾಗಲು ಹೊರಟವರ ವಿರುದ್ಧ ಅಲ್ಲಿ ಧೈರ್ಯವಾಗಿ ಮತ ಹಾಕಬಹುದು. ಅಪಾಯ ಇರುವುದು 2(1)(ಎ) ಪ್ಯಾರಾದಲ್ಲಿ, ಅಂದರೆ ಸ್ವಇಚ್ಛೆಯಿಂದ ಪಕ್ಷ ಬಿಡುವುದರಲ್ಲಿ. ರಾಜೀನಾಮೆ ಬರೆದುಕೊಡದಿದ್ದರೂ ನಡವಳಿಕೆಯಿಂದಲೇ ಪಕ್ಷ ಬಿಟ್ಟಿದ್ದಾರೆ ಎಂದು ತೀರ್ಮಾನಿಸಬಹುದು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಸಭೆಯೊಳಗೆ ಹೇಳಬೇಕಾದದ್ದನ್ನು ಹೇಳದೆ ಎದುರು ಪಕ್ಷದವರ ಜೊತೆ ರಾಜಭವನಕ್ಕೆ ಹೋದವರೇ ಈ ಬಲೆಯಲ್ಲಿ ಸಿಕ್ಕಿಬೀಳುತ್ತಾರೆ.

ನಾಯಕನನ್ನು ವಿರೋಧಿಸುವುದು ಬೇರೆ, ಪಕ್ಷ ಬಿಡುವುದು ಬೇರೆ. 2010ರ ಅಕ್ಟೋಬರ್‌ನಲ್ಲಿ ಬಿಜೆಪಿಯ 11 ಶಾಸಕರು ಮತ್ತು 5 ಪಕ್ಷೇತರರು ಅಂದಿನ ಮುಖ್ಯಮಂತ್ರಿಗೆ ಬೆಂಬಲ ವಾಪಸ್ ಪಡೆದು ರಾಜ್ಯಪಾಲರಿಗೆ ಪತ್ರ ಕೊಟ್ಟಾಗ ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದರೆ ಏಳು ತಿಂಗಳು ಅವರು ಸದನದ ಹೊರಗಿದ್ದರು. ಒಳಗೇ ಒಂದು ಮತಪೆಟ್ಟಿಗೆ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

2003ರ 91ನೇ ತಿದ್ದುಪಡಿ ಇನ್ನೂ ಒಂದು ಬದಲಾವಣೆ ತಂದಿದೆ. ಅದಕ್ಕೆ ಮುಂಚೆ ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ಅನರ್ಹತೆ ಇರಲಿಲ್ಲ, ಆ ಬಾಗಿಲು ಈಗ ಮುಚ್ಚಿದೆ. ಮೂರನೇ ಎರಡು ಭಾಗ ಶಾಸಕರು ಸೇರಿ ಬೇರೆ ಪಕ್ಷದಲ್ಲಿ ವಿಲೀನವಾಗುವಷ್ಟು ಬಲವಿಲ್ಲದ ಅತೃಪ್ತರಿಗೆ ಉಳಿದದ್ದು ಎರಡೇ ದಾರಿ: ಒಳಗೆ ಮಾತಾಡುವುದು, ಇಲ್ಲವೆ ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಲ್ಲುವುದು. ಒಳಗೆ ಮಾತಾಡಲು ಜಾಗ ಕೊಡದ ಪಕ್ಷ ತಾನೇ ಎರಡನೇ ದಾರಿ ತೋರಿಸಿದಂತೆ.

ಹಾಗೆಂದು ಹೈಕಮಾಂಡ್ ದೂರ ಇರಲಿ ಎಂದರೆ ಆಗುವುದಿಲ್ಲ, ಕಾನೂನಿನಲ್ಲೂ ಆಗುವುದಿಲ್ಲ. ಮಹಾರಾಷ್ಟ್ರದ ಶಿವಸೇನೆ ಒಡಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 11ರಂದು ಹೇಳಿದ್ದು ಇದು: ಸದನದಲ್ಲಿ ಪಕ್ಷದ ನಾಯಕನನ್ನೂ ಸಚೇತಕನನ್ನೂ ನೇಮಿಸುವ ಅಧಿಕಾರ ರಾಜಕೀಯ ಪಕ್ಷದ್ದು, ಶಾಸಕಾಂಗ ಪಕ್ಷದ್ದಲ್ಲ. ಆದ್ದರಿಂದ ಶಾಸಕರು ಎಣಿಸಿ ಆರಿಸಿದ ಹೆಸರಿಗೆ ಪಕ್ಷದ ಅಧ್ಯಕ್ಷರ ಸಹಿಯ ಪತ್ರ ಸಭಾಧ್ಯಕ್ಷರ ಕಚೇರಿ ತಲುಪಲೇಬೇಕು. ನಾವು ಕೇಳುವುದು ಆ ಅಧಿಕಾರಕ್ಕೆ ಒಂದು ಅಳತೆ ಇರಲಿ ಎಂದು. ಶಾಸಕರು ಆರಿಸಿದ ಹೆಸರನ್ನು ವರಿಷ್ಠರು 3 ದಿನದೊಳಗೆ ಒಪ್ಪಬೇಕು, ಒಪ್ಪದಿದ್ದರೆ ಕಾರಣವನ್ನು ಬರೆದು ಒಂದು ಸಲ ಮಾತ್ರ ವಾಪಸ್ ಕಳಿಸಬಹುದು. ಶಾಸಕರು ಮತ್ತೆ ಅದೇ ಹೆಸರನ್ನು ಬಹುಮತದಿಂದ ಕಳಿಸಿದರೆ ಅದೇ ಅಂತಿಮ.

ಮತದಾನ ಹೇಗೆ ನಡೆಯಬೇಕು? ಫಲಿತಾಂಶ ಬಂದ, ಅಥವಾ ಸ್ಥಾನ ತೆರವಾದ, 3ನೇ ದಿನದೊಳಗೆ ಸಭೆ. ನೋಟಿಸಿನಲ್ಲಿ ಸ್ಥಳ, ಹೊತ್ತು, ವಿಷಯ ಬರೆದಿರಬೇಕು. ಸಭೆ ಪಕ್ಷದ ಕಚೇರಿಯಲ್ಲಾಗಲಿ, ಹೋಟೆಲಿನಲ್ಲಿ ಬೇಡ. ಹೋಟೆಲಿನ ಖರ್ಚು ಯಾರು ಕೊಟ್ಟರು ಎಂಬಲ್ಲಿಂದಲೇ ಅನುಮಾನ ಶುರುವಾಗುತ್ತದೆ. ಪ್ರತಿ ಅಭ್ಯರ್ಥಿಗೆ ಒಬ್ಬ ಸೂಚಕರು, ಐವರು ಅನುಮೋದಕರು ಇರಲಿ. ಐದು ಸಹಿ ಬೇಕೆಂದಾಗ ಹೆಸರಿಗಷ್ಟೇ ನಿಲ್ಲುವವರು ಕಡಿಮೆಯಾಗುತ್ತಾರೆ. ಅಭ್ಯರ್ಥಿಗಳು ತಲಾ ಹತ್ತು ನಿಮಿಷ ಮಾತಾಡಲಿ, ತಾವು ಗೆದ್ದರೆ ಎದುರಾಳಿಗಳಿಗೆ ಏನು ಕೆಲಸ ಕೊಡುತ್ತೇವೆ ಎಂಬುದನ್ನು ಅಲ್ಲೇ ಹೇಳಲಿ.

ಒಂದೇ ಸುತ್ತಿನ ಮತದಾನ ಬೇಡ. ಲೆಕ್ಕಕ್ಕೆ 60 ಶಾಸಕರು, ಮೂವರು ಅಭ್ಯರ್ಥಿಗಳು ಎಂದಿಟ್ಟುಕೊಳ್ಳಿ. ಒಬ್ಬರಿಗೆ 26, ಇನ್ನೊಬ್ಬರಿಗೆ 20, ಮೂರನೆಯವರಿಗೆ 14 ಬಂತು. 26 ಬಂದವರೇ ನಾಯಕ ಎಂದರೆ ಅವರನ್ನು ಬೇಡವೆಂದ 34 ಮಂದಿಯ ಮೇಲೆ ಅವರು ಕೂಡುತ್ತಾರೆ, ಮೊದಲ ದಿನವೇ ಭಿನ್ನಮತಕ್ಕೆ ಬಹುಮತ ಸಿಕ್ಕಂತಾಯಿತು. ಒಬ್ಬರು 31 ಮುಟ್ಟುವ ತನಕ ಎಣಿಕೆ ಮುಗಿಯಬಾರದು. ಕಡಿಮೆ ಬಂದವರನ್ನು ಬಿಟ್ಟು ಮತ್ತೆ ಮತ ಹಾಕಬಹುದು, ಅಥವಾ ಒಂದೇ ಚೀಟಿಯಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯಬಹುದು. ಇದು ಹೊಸದೇನಲ್ಲ. ವಿಧಾನ ಪರಿಷತ್ತಿನ ನಮ್ಮ ಪಶ್ಚಿಮ ಶಿಕ್ಷಕರ ಕ್ಷೇತ್ರ, ಪದವೀಧರರ ಕ್ಷೇತ್ರಗಳಲ್ಲಿ ಮತದಾರರು ಹೀಗೇ ಬರೆಯುತ್ತಾರೆ. ನಮಗೆ ಎರಡು ಸುತ್ತಿನ ಮತದಾನವೇ ಮೇಲೆನಿಸುತ್ತದೆ. ನಡುವೆ ಒಂದು ತಾಸು ಬಿಡುವು ಕೊಟ್ಟರೆ ನಿಜವಾದ ರಾಜಿ ಆ ತಾಸಿನಲ್ಲೇ ಆಗುತ್ತದೆ. 14 ಮತದವರು ಯಾವ ಮಾತಿನ ಮೇಲೆ ಯಾರ ಕಡೆ ಹೋದರು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತದೆ.

ಗುಪ್ತ ಮತದಾನ ಕೆಡುವುದು ಸಣ್ಣ ಸಣ್ಣ ಕಾರಣಗಳಿಗೆ. ಬೇರೆ ಬೇರೆ ಪೆನ್ನು ಬಳಸಿದರೆ ಶಾಯಿಯ ಬಣ್ಣದಿಂದ ಗುರುತು ಸಿಗುತ್ತದೆ. ಹೆಸರು ಬರೆಯಲು ಹೇಳಿದರೆ ಕೈಬರಹದಿಂದ ಸಿಗುತ್ತದೆ. ಜಿಲ್ಲೆವಾರು ಪೆಟ್ಟಿಗೆ ಇಟ್ಟರೆ 4 ಶಾಸಕರ ಗದಗ ಜಿಲ್ಲೆಯಲ್ಲಿ ಯಾರು ಯಾರಿಗೆ ಹಾಕಿದರು ಎಂಬುದು ಸಂಜೆಗೇ ಹೊರಬೀಳುತ್ತದೆ. ಮೊಬೈಲ್ ಒಳಗೆ ಬಿಟ್ಟರೆ ಚೀಟಿಯ ಫೋಟೊ ತೆಗೆದು ತೋರಿಸು ಎಂದು ಒತ್ತಡ ಬರುತ್ತದೆ. ಆದ್ದರಿಂದ ಹೆಸರು ಅಚ್ಚಾದ ಒಂದೇ ಬಗೆಯ ಚೀಟಿ, ಒಂದೇ ಪೆನ್ನು, ಒಂದೇ ಪೆಟ್ಟಿಗೆ, ಫೋನುಗಳು ಹೊರಗೆ. ಎಣಿಸಲು ಪ್ರತಿ ಅಭ್ಯರ್ಥಿಯ ಕಡೆಯಿಂದ ಒಬ್ಬರು, ಮೇಲೆ ಒಬ್ಬ ವೀಕ್ಷಕರು. ಎಷ್ಟು ಮತ ಬಂತು ಎಂಬುದನ್ನು ಅಲ್ಲೇ ಸಭೆಗೆ ಓದಿ ಹೇಳಬೇಕು, ನಡಾವಳಿಯಲ್ಲಿ ಬರೆಯಬೇಕು. ಅಂಕಿ ಮುಚ್ಚಿಟ್ಟರೆ ಸೋತವರು ತಾವು ಸೋತದ್ದನ್ನು ನಂಬುವುದಿಲ್ಲ.

ಗೆದ್ದವರಿಗೆ ಒಂದು ರಕ್ಷಣೆಯೂ ಇರಬೇಕು. ಮೊದಲ 12 ತಿಂಗಳು ನಾಯಕತ್ವದ ಪ್ರಶ್ನೆ ಎತ್ತುವಂತಿಲ್ಲ. ಆಮೇಲೆ ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗ ಸಹಿ ಮಾಡಿ ಕೇಳಿದರೆ 10 ದಿನದೊಳಗೆ ಮತ್ತೆ ಗುಪ್ತ ಮತದಾನ. ಅದರಲ್ಲಿ ನಾಯಕ ಗೆದ್ದರೆ ಇನ್ನೊಂದು ವರ್ಷ ಆ ಮಾತೇ ಇಲ್ಲ.

ಇನ್ನು ರಾಜಿಯ ಕಾಗದ. ಅಧಿಕಾರ ಹಂಚಿಕೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ಕೊನೆಯ ದಿನ ಹತ್ತಿರ ಬಂದಂತೆ ಅಧಿಕಾರಿಗಳು ಕಡತ ಮುಂದೂಡುತ್ತಾರೆ, ಹೊಸಬರು ಬಂದ ಮೇಲೆ ನೋಡೋಣ ಎನ್ನುತ್ತಾರೆ. ಹಂಚಿಕೆ ಬಹಿರಂಗವಾದರೆ ನಾಯಕ ದುರ್ಬಲನಾಗುತ್ತಾನೆ ಎಂಬ ವಾದದಲ್ಲಿ ನಿಜ ಇದೆ. ಆದರೆ ಮುಚ್ಚಿಟ್ಟರೂ ಅದೇ ಆಗುತ್ತದೆ, ಜೊತೆಗೆ ವದಂತಿಯೂ ಸೇರುತ್ತದೆ. ಹಂಚಿಕೊಳ್ಳಲೇಬೇಕು ಎಂದಾದರೆ ದಿನಾಂಕವನ್ನು ಬಜೆಟ್ಟಿನ ಲೆಕ್ಕದಲ್ಲಿ ಇಡಿ. ಧನವಿನಿಯೋಗ ವಿಧೇಯಕ ಪಾಸಾಗಿ ಏಪ್ರಿಲ್ ಶುರುವಾದ ಮೇಲೆ ಕೈ ಬದಲಾಗಲಿ. ಹೊಸ ನಾಯಕನಿಗೆ ಪೂರ್ತಿ ಒಂದು ಹಣಕಾಸು ವರ್ಷ ಸಿಗುತ್ತದೆ, ಹಳಬರು ಮಂಡಿಸಿದ ಬಜೆಟ್ಟಿನ ಹೊಣೆ ಯಾರದು ಎಂಬ ಗೊಂದಲವೂ ಕಡಿಮೆ. ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದ ಎದುರಲ್ಲಿ, ಕುರ್ಚಿ ಬದಲಿಸುವ ಮಾತು ಬಂದರೆ ಉತ್ತರ ಕರ್ನಾಟಕದ ಪ್ರಶ್ನೆಗಳು ಆ ವರ್ಷ ಮೂಲೆಗೆ ಬೀಳುತ್ತವೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ–ಬಂಡೂರಿಗೆ 3.90 ಟಿಎಂಸಿ ಕೊಟ್ಟಿತು. ನವಲಗುಂದ, ನರಗುಂದದ ರೈತರು ಇನ್ನೂ ಆ ನೀರಿಗಾಗಿ ಕೇಳುತ್ತಲೇ ಇದ್ದಾರೆ. ಆಡಳಿತ ಪಕ್ಷದ ಕಡೆಯಿಂದ ಒಬ್ಬರು, ವಿರೋಧ ಪಕ್ಷದ ಕಡೆಯಿಂದ ಒಬ್ಬರು, ತಮ್ಮ ಪಕ್ಷದ ಪೂರ್ತಿ ಬೆಂಬಲದೊಡನೆ ದಿಲ್ಲಿಯಲ್ಲಿ ಕೂತು ಮಾತಾಡಬೇಕಾದ ವಿಷಯ ಅದು.

ಕಾಗದದಲ್ಲಿ ಇರಬೇಕಾದದ್ದು ಬಹಳವೇನಿಲ್ಲ. ಯಾವ ದಿನಾಂಕಕ್ಕೆ ಅಥವಾ ಯಾವ ಘಟನೆಗೆ ಬದಲಾವಣೆ, ಆ ದಿನ ಶಾಸಕಾಂಗ ಪಕ್ಷದ ಸಭೆ ಕರೆಯುವವರು ಯಾರು, ಸಂಪುಟದಲ್ಲಿ ಯಾರು ಉಳಿಯುತ್ತಾರೆ, ಮಾತು ತಪ್ಪಿದರೆ ಏನು. ಕೊನೆಯದಕ್ಕೆ ನಮ್ಮ ಸಲಹೆ: ದಿನಾಂಕ ಮೀರಿ 7 ದಿನವಾದರೆ ನಾಯಕತ್ವದ ಮತದಾನ ತಾನಾಗಿಯೇ ಆಗಬೇಕು, ಯಾರ ಸಹಿಯೂ ಬೇಕಿಲ್ಲ. ಈ ಕಾಗದವನ್ನು ಸಭೆಯಲ್ಲಿ ಓದಿ, ಮತಕ್ಕೆ ಹಾಕಿ, ಹಾಜರಿದ್ದ ಎಲ್ಲ ಶಾಸಕರ ಸಹಿ ಪಡೆಯಬೇಕು.

ಸ್ಥಾನಮಾನ ಹಂಚುವಾಗ ಲೆಕ್ಕ ನೆನಪಿರಲಿ. 164(1ಎ) ವಿಧಿಯ ಶೇ. 15ರ ಮಿತಿಯಂತೆ 224ರ ಸದನದಲ್ಲಿ ಮುಖ್ಯಮಂತ್ರಿ ಸೇರಿ 34 ಮಂದಿ. ಬರೀ 113ರ ಬಹುಮತ ಇದ್ದರೂ 79 ಶಾಸಕರು ಮಂತ್ರಿಗಳಾಗಲಾರರು. ನಾಯಕತ್ವದ ಮತ ಕೇಳುವಾಗ ಮಂತ್ರಿಗಿರಿಯ ಮಾತು ಕೊಟ್ಟವರು 34ಕ್ಕಿಂತ ಹೆಚ್ಚು ಮಾತು ಕೊಟ್ಟೇ ಕೊಟ್ಟಿರುತ್ತಾರೆ. ಈ ವಿಷಯದಲ್ಲಿ ನಮ್ಮ ನೆಲದ ಒಂದು ಪ್ರಕರಣವನ್ನು ನೀವೆಲ್ಲ ಓದಬೇಕು. ಹುಬ್ಬಳ್ಳಿ ಗ್ರಾಮೀಣದಿಂದ ಆರಿಸಿ ಬಂದಿದ್ದ ಎಸ್.ಆರ್. ಬೊಮ್ಮಾಯಿಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ಕ್ಕೆ 13 ಮಂದಿಯನ್ನು ಸೇರಿಸಿ ಸಂಪುಟ ವಿಸ್ತರಿಸಿದರು. ಅದಾದ ಎರಡೇ ದಿನಕ್ಕೆ ಅವರದೇ ಪಕ್ಷದ ಶಾಸಕರೊಬ್ಬರು, ಸರ್ಕಾರಕ್ಕೆ ಬೆಂಬಲ ಇಲ್ಲ ಎನ್ನುವ 19 ಶಾಸಕರ ಪತ್ರಗಳೊಡನೆ ರಾಜ್ಯಪಾಲರ ಬಳಿ ಹೋದರು. 19ರಲ್ಲಿ 7 ಮಂದಿ ತಮ್ಮ ಸಹಿಯನ್ನು ದಾರಿ ತಪ್ಪಿಸಿ ಪಡೆದರು ಎಂದು ತಿರುಗಿ ಪತ್ರ ಬರೆದರು. ಏಪ್ರಿಲ್ 27ಕ್ಕೆ ಸದನದಲ್ಲೇ ಬಹುಮತ ತೋರಿಸುತ್ತೇವೆ ಎಂದರೂ ಕೇಳದೆ 21ರಂದು ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಇಡೀ ದೇಶಕ್ಕೆ ಅದು ದಾರಿಯಾಯಿತು. ಅದೇ ನ್ಯಾಯವನ್ನು ಪಕ್ಷದ ಒಳಗೂ ತನ್ನಿ ಎಂಬುದೇ ನಮ್ಮ ಬೇಡಿಕೆ.

ವಿರೋಧ ಪಕ್ಷದಲ್ಲಿ ಕುಳಿತವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. 2023ರ ಮೇ 13ಕ್ಕೆ ಫಲಿತಾಂಶ ಬಂದರೂ 66 ಶಾಸಕರಿದ್ದ ಬಿಜೆಪಿ ವಿಧಾನಸಭೆಯಲ್ಲಿ ತನ್ನ ನಾಯಕನನ್ನು ಆರಿಸಿದ್ದು ನವೆಂಬರ್ 17ಕ್ಕೆ. ಜುಲೈ 7ರಂದು ಮಂಡನೆಯಾದ ಬಜೆಟ್ಟಿನ ಇಡೀ ಅಧಿವೇಶನ ಅಧಿಕೃತ ವಿರೋಧ ಪಕ್ಷದ ನಾಯಕನಿಲ್ಲದೆ ನಡೆಯಿತು. ಇದು ಒಂದು ಪಕ್ಷದ ಒಳಮನೆಯ ವಿಚಾರ ಎಂದು ಬಿಡುವಂತಿಲ್ಲ. ಲೋಕಾಯುಕ್ತರ ನೇಮಕಕ್ಕೆ ಮುಖ್ಯಮಂತ್ರಿಗಳು ಸಮಾಲೋಚಿಸಬೇಕಾದವರಲ್ಲಿ ಎರಡೂ ಸದನಗಳ ವಿರೋಧ ಪಕ್ಷದ ನಾಯಕರು ಇದ್ದಾರೆ, 1984ರ ಕಾಯ್ದೆ ಹಾಗೆ ಹೇಳುತ್ತದೆ. ರಾಜ್ಯ ಮಾಹಿತಿ ಆಯುಕ್ತರ ಆಯ್ಕೆ ಸಮಿತಿಯಲ್ಲೂ ವಿರೋಧ ಪಕ್ಷದ ನಾಯಕರಿಗೆ ಜಾಗವಿದೆ. ಕುರ್ಚಿ ಖಾಲಿ ಇದ್ದಷ್ಟು ದಿನ ಆಡಳಿತ ಪಕ್ಷಕ್ಕೆ ಕಡಿವಾಣ ಸಡಿಲವಾಗುತ್ತದೆ.

ಮೇಲ್ಮನೆಯ ಒಂದು ಉದಾಹರಣೆ ಸಾಕು. 2020ರ ಡಿಸೆಂಬರ್ 15ರಂದು ಸಭಾಪತಿ ಪೀಠದ ಸುತ್ತ ನಡೆದ ಎಳೆದಾಟವನ್ನು ರಾಜ್ಯವೆಲ್ಲ ನೋಡಿತು. ಎರಡು ತಿಂಗಳೊಳಗೆ ಬಿಜೆಪಿ ಮತ್ತು ಜೆಡಿಎಸ್ ಕೂತು ಮಾತಾಡಿದವು. ಉಪಸಭಾಪತಿ ಸ್ಥಾನ ಬಿಜೆಪಿಯ ಎಂ.ಕೆ. ಪ್ರಾಣೇಶ್ ಅವರಿಗೆ, ಸಭಾಪತಿ ಸ್ಥಾನ ಅಂದು ಜೆಡಿಎಸ್‌ನಲ್ಲಿದ್ದ ನಮ್ಮ ಬಸವರಾಜ ಹೊರಟ್ಟಿಯವರಿಗೆ ಹೋಯಿತು. ಯಾರಿಗೆ ಯಾವ ಸ್ಥಾನ ಎಂಬುದು ಎಲ್ಲರ ಎದುರಿಗಿತ್ತು, ಸದನ ನಡೆಯಿತು.

ಇದನ್ನೆಲ್ಲ ಒಮ್ಮೆಲೇ ಬೆಂಗಳೂರಿನಲ್ಲಿ ಮಾಡಲು ಹಿಂಜರಿಕೆ ಇದ್ದರೆ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯಲ್ಲಿ ಮಾಡಿ ನೋಡಿ. 82 ವಾರ್ಡುಗಳ ಪಾಲಿಕೆ, ವರ್ಷಕ್ಕೊಮ್ಮೆ ಮೇಯರ್ ಆಯ್ಕೆ, ಅದಕ್ಕೆ ಮೊದಲು ಪ್ರತಿ ಪಕ್ಷದ ಸದಸ್ಯರ ಸಭೆ. ಇಲ್ಲಿನ ಶಾಸಕರಿಗೂ ಪಾಲಿಕೆಯಲ್ಲಿ ಮತ ಇದೆ, ಆ ಸಭೆಯಲ್ಲಿ ನೀವೂ ಇರುತ್ತೀರಿ. ಮೇಯರ್ ಸ್ಥಾನದ ಮೀಸಲಾತಿಗೆ ಹೊಂದುವವರ ಹೆಸರು ಅಚ್ಚಾದ ಚೀಟಿ, ಒಂದು ಪೆಟ್ಟಿಗೆ, ಒಂದು ಪೆನ್ನು, ಎರಡು ಸುತ್ತು. ಹೆಚ್ಚೆಂದರೆ ಮೂರು ತಾಸಿನ ಕೆಲಸ. ಎಲ್ಲಿ ತೊಡಕು ಬರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ, ತಿದ್ದಿಕೊಳ್ಳಬಹುದು.

ನಿಮ್ಮ ಮೂರು ಜಿಲ್ಲೆಗಳ ಶಾಸಕರು ತಮ್ಮ ತಮ್ಮ ಪಕ್ಷದ ಶಾಸಕಾಂಗ ಸಭೆಯಲ್ಲಿ ಈ ನಿಯಮಗಳನ್ನು ಮುಂದಿನ ಬೆಳಗಾವಿ ಅಧಿವೇಶನಕ್ಕೆ ಮೊದಲು ಮಂಡಿಸಬೇಕು ಎಂದು ಕೇಳಿಕೊಳ್ಳುತ್ತೇವೆ. ಪಕ್ಷ ಒಪ್ಪಿದರೆ ರಾಜ್ಯಾಧ್ಯಕ್ಷರ ಸಹಿಯೊಡನೆ ಅದರ ಒಂದು ಪ್ರತಿ ಸಭಾಧ್ಯಕ್ಷರ ಕಚೇರಿಗೆ ಹೋಗಲಿ. ಒಪ್ಪದಿದ್ದರೆ ಯಾವ ನಿಯಮ ಬೇಡ, ಏಕೆ ಬೇಡ ಎಂಬುದನ್ನು ನಿಮ್ಮ ಕ್ಷೇತ್ರದ ಮತದಾರರಿಗೆ ಬರೆದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಕೆಲವು ವಕೀಲರು ಮತ್ತು ರಾಜ್ಯಶಾಸ್ತ್ರ ಅಧ್ಯಾಪಕರು